ಎಂಬತ್ತೈದು ಡೆಸಿಬೆಲ್

"ಎಂಬತ್ತೈದು! ಒಂದು ಕೂದಲೆಳೆಯಷ್ಟು ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ," ಎಂದು ಸಿನಿಮಾಗಳ ಸದ್ದು ಹದಮಾಡುವ ಯೂ ಚೆನ್-ಕಾಯ್, ಸದ್ದಳೆಯುವ ಮೀಟರನ್ನು ನಿರ್ದೇಶಕಿ ಶು-ಫೆನ್‌ಳ ಮೂಗಿನ ಹತ್ತಿರ ಹಿಡಿದ. ಸ್ಪೀಕರುಗಳಿಂದ ಪರೀಕ್ಷೆಯ ಸದ್ದು ಜಡಿಮಳೆಯ ಹಾಗೆ ಭೋರೆನ್ನುತ್ತಿತ್ತು. ಕೋಣೆಯೋ, ತೈಪೆಯ ನಾಲ್ಕನೇ ಮಹಡಿಯ ಮನೆಯಲ್ಲಿ ಹೆಂಡತಿಯ ಬಟ್ಟೆ ಬೀರು ಹೊರಗೆ ಹಾಕಿ ಮಾಡಿಕೊಂಡ ಗೂಡು. ಬಾಗಿಲಿಗೆ ಮಾತ್ರ 'ಮಿಕ್ಸಿಂಗ್ ಥಿಯೇಟರ್' ಎಂಬ ಬೋರ್ಡು.

ನಲವತ್ತು ವರ್ಷ ಟಾಕೀಸಿನಲ್ಲಿ ರೀಲು ಓಡಿಸಿದ್ದ ಅವನ ಮಾವ ಹೊಸ್ತಿಲಲ್ಲೇ ಕಿವಿ ಮುಚ್ಚಿಕೊಂಡರು.

"ಅಳಿಯಂದ್ರೇ, ಅದು ದೊಡ್ಡ ಟಾಕೀಸಿನ ಲೆಕ್ಕ. ಈ ಗೂಡಿಗೆ ಎಪ್ಪತ್ತಾರು ಸಾಕು. ಇಲ್ಲಿ ಕಿವಿಗೆ ಜೋರಾದ್ರೆ ಕೈ ತಾನಾಗೇ ಸದ್ದು ಇಳಿಸತ್ತೆ. ಆಮೇಲೆ ಟಾಕೀಸಲ್ಲಿ ಇರುವೆ ಮಾತಾಡ್ದಂಗೆ ಇರತ್ತೆ."

"ಮಾವ, ನಿಮ್ ಕಾಲ್ದಲ್ಲಿ ಸಿನಿಮಾಗಿಂತ ಫ್ಯಾನಿನ ಸದ್ದೇ ಜಾಸ್ತಿ ಇತ್ತಂತೆ. ಇದು ಹಾಲಿವುಡ್‌ನೋರ ಅಂಕಿ. ಸುಮ್ನಿರಿ."

ಮೀಟರೇ ದೇವರಾದ ಮೇಲೆ ಕಿವಿ ಯಾಕೆ ಬೇಕು! ಇಷ್ಟು ವಿಜ್ಞಾನ ಬಲ್ಲ ಮಹಾಶಯ ಮರುಕ್ಷಣವೇ ಹಸಿರು ಪೊಟ್ಟಣಗಳನ್ನು ತೆಗೆದು ಪ್ರತಿ ಸ್ಪೀಕರಿನ ತಲೆಯ ಮೇಲೂ ಒಂದೊಂದನ್ನು ಕೂರಿಸಿದ. ಮೆಕ್ಕೆಜೋಳದ ಕುರುಕಲು ತಿಂಡಿ. ಅದರ ಹೆಸರಿಗೆ 'ಜಾಣಮರಿ, ಮಾತು ಕೇಳು' ಎಂದರ್ಥವಾದ್ದರಿಂದ, ಮೇಲಿಟ್ಟರೆ ಯಂತ್ರ ತಂಟೆ ಮಾಡುವುದಿಲ್ಲ ಎಂಬುದು ಆ ಊರವರ ನಂಬಿಕೆ. ಹಸಿರೇ ಆಗಬೇಕು, ತಾರೀಕು ಮೀರಿರಬಾರದು, ಯಾರೂ ತಿನ್ನಕೂಡದು. ತಾರೀಕನ್ನು ಅವನು ಎರಡೆರಡು ಸಲ ಓದಿದ. ಮಾವನ ಮಾತನ್ನು ಒಂದು ಸಲವೂ ಕೇಳಲಿಲ್ಲ.

"ಮೇಷ್ಟ್ರೇ, ಅಮ್ಮನ ಮಾತೊಂದು ಹಾಳಾಗ್ದಂಗೆ ನೋಡ್ಕೊಳ್ಳಿ," ಎಂದು ಶು-ಫೆನ್ ಚೆನ್-ಕಾಯ್‌ಗೆ ಹೇಳಿದಳು. ಚಿತ್ರದಲ್ಲಿ ತಾಯಿಯ ಪಾತ್ರ ಮಾಡಿದ್ದು ಅವಳ ಹೆತ್ತಮ್ಮನೇ. ಇರುವುದು ಒಂದೇ ಪಿಸುಮಾತು: "ಛತ್ರಿ ಬಾಗಿಲ ಹಿಂದಿದೆ, ತಗೊಂಡ್ಹೋಗು." ಶೂಟಿಂಗ್ ಮುಗಿದ ಮೇಲೆ ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿಯೇ ಹೋಗಿತ್ತು. ನಾಳೆ ಬೆಳಗಿನ ಪ್ರದರ್ಶನಕ್ಕೆ ಅವರು ಬರುತ್ತಿದ್ದುದೇ ತಮ್ಮ ದನಿ ಕೇಳಲಿಕ್ಕೆ.

ಪಿಸುಮಾತು ಗೂಡಿನಲ್ಲಿ ಗಣಗಣ ಮೊಳಗಿತು. "ಇದೇನು ಪಿಸುಮಾತಾ, ತರಕಾರಿ ಮಾರೋರ ಕೂಗಾ?" ಎಂದು ಚೆನ್-ಕಾಯ್ ಸದ್ದು ಇಳಿಸಿದ. ಮತ್ತೂ ಇಳಿಸಿದ. "ಆಹಾ! ಈಗ ಸರಿಹೋಯ್ತು!" ಎಂದು ತನಗೆ ತಾನೇ ತಲೆದೂಗಿ, ಒಂದು ಪೊಟ್ಟಣ ಅವಳ ಕೈಗಿತ್ತ. "ಥಿಯೇಟರಿನ ಪ್ರೊಜೆಕ್ಟರ್ ಮೇಲೆ ಇಡ್ಸಿ."

ಮರುದಿನ ಪರದೆಯ ಮೇಲೆ ಅಮ್ಮನ ತುಟಿ ಅಲುಗಿತು. ಅಷ್ಟೇ. "ಏನಂದ್ಲು?" ಎಂದು ಮುಂದಿನ ಸಾಲಿನಲ್ಲಿ ಯಾರೋ ಕೇಳಿದರು. "ಯಾರಿಗ್ಗೊತ್ತು!" ಎಂದರು ಪಕ್ಕದವರು. ಅಮ್ಮ ಕಿವಿಗೆ ಕೈ ಒಡ್ಡಿ ಮುಂದಕ್ಕೆ ಬಾಗಿದರು. ಆಮೇಲೆ ಮಗಳ ಕಡೆ ತಿರುಗಿ, ನಾನು ಏನೂ ಹೇಳಲಿಲ್ಲವೇ ಎಂದು ಕೈಯಾಡಿಸಿ ಕೇಳಿದರು.

"ಇವರ ಸ್ಪೀಕರೇ ಸರಿಯಿಲ್ಲ, ಡೈರೆಕ್ಟರಮ್ಮಾ," ಎಂದು ಪಕ್ಕದ ಸೀಟಿನಿಂದ ಚೆನ್-ಕಾಯ್ ಗೊಣಗಿದ. "ನಮ್ಮಲ್ಲಿ ಕರೆಕ್ಟಾಗಿ ಎಂಬತ್ತೈದಿತ್ತು."

ಪ್ರೊಜೆಕ್ಟರಿನವನು 'ನಮ್ಮ ಹತ್ರ ಒಂದಿದೆ' ಎಂದು ವಾಪಸು ಕೊಟ್ಟಿದ್ದ ಪೊಟ್ಟಣ ಶು-ಫೆನ್‌ಳ ಚೀಲದಲ್ಲೇ ಇತ್ತು. ಅದನ್ನು ತೆಗೆದು ಪರ್ರನೆ ಹರಿದಳು.

"ಅಯ್ಯಯ್ಯೋ, ಅದನ್ನ ತಿನ್ಬಾರ್ದು!"

ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದಳು. ಕರಂ ಕುರುಂ. ಕಡೆಯ ಸಾಲಿನವರೂ ತಿರುಗಿ ನೋಡಿದರು.

"ಮೇಷ್ಟ್ರೇ," ಎಂದಳು, "ಇದೆಷ್ಟು ಡೆಸಿಬೆಲ್ಲು?"