ಭುಜದ ಅಳತೆ

ಏಳನೆಯ ಪ್ರಶ್ನೆಯ ಮುಂದೆ ಗಾಬರಿ ಅಕ್ಕನ ಪೆನ್ಸಿಲು ನಿಂತುಬಿಟ್ಟಿತು. ‘ನಿಮ್ಮ ಸ್ವಭಾವ ಯಾವುದು?’ ಎಂದಿತ್ತು. ಕೆಳಗೆ ನಾಲ್ಕು ಚೌಕಗಳು: ಹುರುಪಿನದು, ಹಟದ್ದು, ನಿಶ್ಚಿಂತವಾದದ್ದು, ಆತಂಕದ್ದು. ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, ‘ನಿಮ್ಮನ್ನು ನೀವು ಅರಿಯಿರಿ, ಯಶಸ್ಸು ಗಳಿಸಿರಿ.’

ಆಪರೇಷನ್ ಆದವರು ಮಂಪರಿನಿಂದ ಏಳುವ ಆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವಳು ನರ್ಸು. ‘ಗಾಬರಿ ಅಕ್ಕ’ ಎಂಬುದು ಜೊತೆಯವರು ಇಟ್ಟ ಹೆಸರು. ಆಸ್ಪತ್ರೆಗೆ ಹೊಸ ಯಂತ್ರಗಳು ಬಂದಿದ್ದವು. ಇನ್ನು ಇಲ್ಲಿ ಯಾರು ಉಳಿಯಬೇಕು, ಯಾರು ದಾಖಲೆ ವಿಭಾಗಕ್ಕೆ ಹೋಗಬೇಕು ಎನ್ನುವುದನ್ನು ಈ ಹಾಳೆ ನೋಡಿ ತೀರ್ಮಾನಿಸುತ್ತಾರಂತೆ. ಐದು ಗಂಟೆಯೊಳಗೆ ಕೊಡಬೇಕು. ದಾಖಲೆ ವಿಭಾಗವನ್ನು ಅವಳು ಒಮ್ಮೆ ನೋಡಿಬಂದಿದ್ದಳು. ನೆಲದಿಂದ ಸೂರಿನವರೆಗೆ ಕಡತಗಳು. ಉಸಿರಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ಇನ್ನೂ ಮುಗೀಲಿಲ್ವಾ ಅಕ್ಕಾ? ನಾನು ಲಿಫ್ಟ್ ಇಳಿಯೋದ್ರೊಳಗೆ ತುಂಬಿ ಕೊಟ್ಟೆ” ಎಂದಳು, ಆಗಷ್ಟೇ ಆಪರೇಷನ್ ಥಿಯೇಟರಿನಿಂದ ರೋಗಿಯನ್ನು ಕರೆತಂದಿದ್ದ ಕಿರಿಯ ನರ್ಸ್.

“ನಾಲ್ಕನೇದಕ್ಕೆ ಟಿಕ್ ಹಾಕೋಣ ಅಂತ...”

“ಅಯ್ಯೋ, ಆತಂಕ ಅಂತ ಬರೆದ್ರೆ ನಾಳೆಯಿಂದ ಫೈಲಿನ ಧೂಳು ಕುಡೀಬೇಕು ಅಷ್ಟೆ. ನಿಶ್ಚಿಂತ ಅಂತ ಹಾಕಿ.”

“ನಾನಾ? ಮನೆ ಬೀಗ ಮೂರು ಸಲ ಎಳೆದು ನೋಡೋಳು ನಾನು.”

“ಬೀಗ ಬಂದು ಸಾಕ್ಷಿ ಹೇಳಲ್ಲ. ಸುಮ್ನೆ ಹಾಕಿ.”

ಹಾಕಿದಳು. ಗೀಚಿದ್ದು ತನಗೇ ಕಾಣಬಾರದೆಂಬಷ್ಟು ತೆಳುವಾಗಿ.

ಮಧ್ಯಾಹ್ನದ ಬೆಳಕು ಹಸಿರು ಪರದೆಯಲ್ಲಿ ಸೋಸಿ ಬಂದು ಕೋಣೆ ಕೊಳದ ತಳದಂತಿತ್ತು. ಇಲ್ಲಿ ಏಳುವವರು ಎಲ್ಲಿಂದಲೋ ತೇಲಿ ಬಂದವರ ಹಾಗೆ ಮಾತಾಡುತ್ತಾರೆ. ಬೆಳಗ್ಗೆ ಒಬ್ಬ ಬ್ಯಾಂಕ್ ಮ್ಯಾನೇಜರು ಎಷ್ಟೋ ವರ್ಷದ ಹಿಂದೆ ಸತ್ತ ಬೆಕ್ಕಿನ ಕ್ಷಮೆ ಕೇಳಿದ್ದರು. ಈಗ ಮಂಚದ ಮೇಲಿದ್ದವರು ದಪ್ಪ ಕತ್ತಿನ, ಅರವತ್ತು ದಾಟಿದ ಒಬ್ಬ ಟೈಲರು. ಹರ್ನಿಯಾ ಆಪರೇಷನ್. ಸಣ್ಣಗೆ ಗೊರಕೆ ಹೊಡೆಯುತ್ತ, ಹೊದಿಕೆಯ ಅಂಚನ್ನು ಬೆರಳುಗಳಲ್ಲಿ ಗೇಣು ಹಾಕಿ ಅಳೆಯುತ್ತಿದ್ದರು. ಉಸಿರು ಬಿಟ್ಟಾಗಲೆಲ್ಲ ಆಕ್ಸಿಜನ್ ಮಾಸ್ಕಿನೊಳಗೆ ಮಂಜು ಮೂಡಿ, ಅಳಿಸಿ, ಮತ್ತೆ ಮೂಡುತ್ತಿತ್ತು.

ಹಾಳೆಯಲ್ಲಿ ಇನ್ನೊಂದೇ ಪ್ರಶ್ನೆ ಉಳಿದಿತ್ತು: ‘ಈ ಸ್ವಭಾವದಿಂದ ಈಚೆಗೆ ನೀವು ಸಾಧಿಸಿದ್ದೇನು?’ ಉತ್ತರಕ್ಕೆ ಎರಡು ಗೆರೆ.

“ಈ ಯಂತ್ರ ಇದ್ರೆ ಇನ್ಮೇಲೆ ನಾವು ಕೂತ್ಕೊಂಡು ಸ್ವೆಟರ್ ಹೆಣೀಬಹುದಂತೆ, ಡಾಕ್ಟ್ರು ಹೇಳ್ತಿದ್ರು...” ಕಿರಿಯಳು ಇನ್ನೂ ಹೇಳುತ್ತಲೇ ಇದ್ದಳು. ಗಾಬರಿ ಅಕ್ಕ ಎದ್ದಾಗಿತ್ತು.

ಗೊರಕೆ ನಿಂತಿತ್ತು. ಎದೆ ಏರಿ ಇಳಿಯುತ್ತಿತ್ತು, ರಕ್ತದ ಆಕ್ಸಿಜನ್ ತೋರಿಸುವ ಯಂತ್ರದಲ್ಲಿ ತೊಂಬತ್ತೆಂಟು ಎಂಬ ಹಸಿರು ಅಂಕಿ ಹಾಗೇ ಇತ್ತು. ಮಾಸ್ಕಿನೊಳಗೆ ಮಾತ್ರ ಮಂಜು ಬರಲಿಲ್ಲ. ಮತ್ತೊಮ್ಮೆ ಬರಬೇಕಾದಾಗಲೂ ಬರಲಿಲ್ಲ. ಹೊದಿಕೆಯ ಮೇಲೆ ಬೆರಳುಗಳು ಅಳತೆಯ ನಡುವೆಯೇ ನಿಂತಿದ್ದವು. ಅವಳು ತಲೆಯ ಕಡೆ ನಿಂತು, ಎರಡೂ ಕೈಗಳ ಬೆರಳನ್ನು ಅವರ ದವಡೆಯ ಹಿಂದಿಟ್ಟು ಮುಂದಕ್ಕೆ ಎತ್ತಿ ಹಿಡಿದಳು. ಮೊದಲು ಒಂದು ಚುಕ್ಕಿಯಷ್ಟು, ಆಮೇಲೆ ಮಾಸ್ಕಿನ ತುಂಬ ಮಂಜು.

“ಏನಾಯ್ತಕ್ಕಾ?”

“ನಾಲಗೆ ಹಿಂದಕ್ಕೆ ಜಾರಿ ಉಸಿರಿಗೆ ಅಡ್ಡ ಬಂದಿತ್ತು.”

ಕಿರಿಯಳು ಯಂತ್ರದ ಕಡೆ ನೋಡಿದಳು. “ಕೂಗ್ಲೇ ಇಲ್ವಲ್ಲ ಇದು!”

“ಇನ್ನು ಸ್ವಲ್ಪ ಹೊತ್ತಿಗೆ ಕೂಗ್ತಿತ್ತು, ಪಾಪ.”

ಹತ್ತು ನಿಮಿಷ ಅವಳು ಕೈ ತೆಗೆಯಲಿಲ್ಲ. ಬೆರಳುಗಳು ಮರಗಟ್ಟುತ್ತಿದ್ದಾಗ ಟೈಲರು ಕಣ್ಣು ತೆರೆದರು. ತಮ್ಮ ಮೇಲೆ ತಲೆಕೆಳಗಾಗಿ ಬಾಗಿದ್ದ ಮುಖವನ್ನು, ಅದರ ಎರಡೂ ಪಕ್ಕ ಮೇಲೆದ್ದು ನಿಂತ ಭುಜಗಳನ್ನು ಬಹಳ ಹೊತ್ತು ನೋಡಿದರು.

“ಅಮ್ಮಾ,” ಮಾಸ್ಕಿನೊಳಗಿಂದ ದನಿ ತೇಲಿಬಂತು, “ನಿಮ್ಮ ಭುಜ ಯಾಕೆ ಕಿವಿ ಹತ್ರ ಇದೆ?”

“ಚಿಕ್ಕಂದಿನಿಂದ ಅದಿರೋದೇ ಅಲ್ಲಿ. ಇಳಿಸು ಇಳಿಸು ಅಂತ ನಮ್ಮಮ್ಮ ಬೈದೂ ಬೈದೂ ಸೋತಳು.”

“ಇಳಿಸ್ಬೇಡಿ.” ಅವರ ಕೈ ಗಾಳಿಯಲ್ಲಿ ಎದ್ದು, ಅವಳ ಭುಜದ ಏರನ್ನು ದೂರದಿಂದಲೇ ಅಳೆಯಿತು. “ಯಾರದೋ ಅಳತೆ ಅಂಗಿ ಹಾಕ್ಕೊಂಡು ಜನ ಭುಜಾನ ಬೈಕೊಂಡು ಓಡಾಡ್ತಾರೆ. ಭುಜ ಇದ್ದ ಹಾಗೆ ಬಟ್ಟೆ ಕತ್ತರಿಸ್ಬೇಕು. ಹಾಗೇ ನಿಂತಿರಿ... ಬರ್ಕೊಳ್ಳಪ್ಪಾ, ಭುಜ ಹದಿನೇಳೂವರೆ...” ಕೈ ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು. ಗೊರಕೆ ಮತ್ತೆ ಹತ್ತಿತು, ಈ ಸಲ ಹಗುರಾಗಿ.

“ನನಗೂ ಒಂದು ಹೊಲಿಸ್ಬಿಡಿ” ಎಂದು ಕಿರಿಯಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗಾಬರಿ ಅಕ್ಕ ನಗಲಿಲ್ಲ. ಮಾಸ್ಕು ನೋಡಬಹುದಾದಷ್ಟು ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು, ಹಾಳೆಯನ್ನು ಮೊಣಕಾಲ ಮೇಲಿಟ್ಟು, ಮೂರನೆಯ ಚೌಕದ ಗೀಟನ್ನು ರಬ್ಬರಿನಿಂದ ಉಜ್ಜಿ ತೆಗೆದಳು. ನಾಲ್ಕನೆಯದಕ್ಕೆ ಟಿಕ್ ಹಾಕಿದಳು. ಪೆನ್ನಿನಲ್ಲಿ. ಒಂದು ಮಂಜು ನೋಡಿ ಒಂದು ಪದ, ಇನ್ನೊಂದು ಮಂಜು ನೋಡಿ ಇನ್ನೊಂದು ಪದ, ಹೀಗೆ ಕೊನೆಯ ಪ್ರಶ್ನೆಯನ್ನೂ ಮುಗಿಸಿದಳು.

“ಕೊಡಿ, ನಾನೇ ಆಫೀಸಿಗೆ ಕೊಟ್ಟು ಹೋಗ್ತೀನಿ” ಎಂದು ಕಿರಿಯಳು ಹಾಳೆ ಇಸಿದುಕೊಂಡಳು. ಬಾಗಿಲವರೆಗೆ ಓದುತ್ತ ಹೋದವಳು ಅಲ್ಲಿಯೇ ನಿಂತಳು. ಸಾಧನೆಯ ಗೆರೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ಇಷ್ಟೇ ಇತ್ತು:

‘ಇವತ್ತು ಈ ಕೋಣೆಯಲ್ಲಿ ಏನೂ ಆಗಲಿಲ್ಲ.’