ಗೋಡೆಯಾಚೆಗೆ ಎರಡು ಉಂಡೆ

ಪಂಚಮಿಯ ಮರುದಿನ ನಾಗರಾಜಪ್ಪ ಮೇಷ್ಟ್ರು ತಟ್ಟೆಯಲ್ಲಿ ಎರಡೇ ಎರಡು ಶೇಂಗಾ ಉಂಡೆ ಇಟ್ಟು, ಕಾಂಪೌಂಡಿನಾಚೆ ಜಹಾಂಗೀರ್ ಸಾಹೇಬರ ಮನೆಗೆ ಕೊಟ್ಟು ಬರುವಂತೆ ಹೆಂಡತಿಗೆ ಹೇಳಿದರು.

"ಅಲ್ರೀ, ಡಬ್ಬಿ ತುಂಬಾ ಉಂಡೆ ಐತೆ. ಎರಡು ಕೊಟ್ಟು ಅಮೀರುನ್ನೀಸಾನ ಮುಖ ಹೆಂಗೆ ನೋಡ್ಲಿ?" ಎಂದರು ನಿರ್ಮಲಮ್ಮ.

"ಇವತ್ತು ಎರಡು. ನಾಳೆ ಮೂರು. ನಾಡಿದ್ದು ಐದು."

ಮೂವತ್ತನಾಲ್ಕು ವರ್ಷ ಚನ್ನಗಿರಿಯ ಮಕ್ಕಳಿಗೆ ಲೆಕ್ಕ ಹೇಳಿದ ಬಾಯಿ ಅದು. ಪ್ರಶ್ನೆ ಕೇಳಿ ರೂಢಿಯೇ ಹೊರತು ಉತ್ತರ ಕೊಟ್ಟಲ್ಲ. ವಿಷಯ ಇಷ್ಟೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಜಹಾಂಗೀರ್ ಸಾಹೇಬರು ಅನ್ಯಲೋಕದವರ ಕುರಿತ ಕಾದಂಬರಿಯೊಂದರ ಮೊದಲ ಭಾಗ ಓದಲು ಕೊಟ್ಟಿದ್ದರು. ನಕ್ಷತ್ರದ ದೂರದ ಗುಣಾಕಾರವೇ ತಪ್ಪು, ಕಾಗದ ದಂಡ ಎಂದು ನಾಗರಾಜಪ್ಪ ಅದನ್ನು ಹಿಂದಿರುಗಿಸಿದ್ದರು. ಹಾಗಾದರೆ ಎರಡನೆಯ ಭಾಗ ನಿಮಗೆ ಬೇಡವೆಂದು ಸಾಹೇಬರು ಬೀರುವಿಗೆ ಬೀಗ ಹಾಕಿದ್ದರು. ನಿರ್ಮಲಮ್ಮ ಮತ್ತು ಸಾಹೇಬರ ಹೆಂಡತಿ ಅಮೀರುನ್ನೀಸಾರ ಮಾತು ಗೋಡೆಯ ಮೇಲಿಂದ ಎಂದಿನಂತೆ ನಡೆದಿತ್ತು. ಗಂಡಸರು ಮಾತು ಬಿಟ್ಟು ಹದಿನಾಲ್ಕು ತಿಂಗಳು.

ಅಷ್ಟು ದಿನವೂ ಮೇಷ್ಟ್ರಿಗೆ ಒಂದೇ ಚಿಂತೆ. ಮೊದಲ ಭಾಗದ ಕೊನೆಯ ಪುಟದಲ್ಲಿ ಆಕಾಶನೌಕೆ ಭೂಮಿಗೆ ಇಳಿದಿತ್ತು. ಅದರ ಬಾಗಿಲು ತೆರೆಯಿತೋ ಇಲ್ಲವೋ? ತಪ್ಪಾಯಿತು ಎನ್ನಲು ನಾಲಿಗೆ ಏಳದು. ಕಥೆಯಲ್ಲಿ ಅನ್ಯಲೋಕದವರು ಮೊದಲು ಕಳಿಸಿದ್ದು ಮಾತನ್ನಲ್ಲ, ಅವಿಭಾಜ್ಯ ಸಂಖ್ಯೆಗಳನ್ನು: ಎರಡು, ಮೂರು, ಐದು, ಏಳು. ಬುದ್ಧಿಯುಳ್ಳವನು ಕಂಡೊಡನೆ ಗುರುತು ಹಿಡಿಯಬೇಕು.

ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಓಣಿಯಲ್ಲಿಲ್ಲ. ಮೊದಲ ದಿನ ನಾಲ್ಕು ಖರ್ಜೂರ ಬಂದವು. ಮೇಷ್ಟ್ರು ಎರಡು ಸಲ ಎಣಿಸಿ ಹುಬ್ಬು ಗಂಟಿಕ್ಕಿದರು. ನಾಲ್ಕು ಎರಡರಿಂದ ಭಾಗವಾಗುತ್ತದೆ, ಸಂಕೇತ ಮುಟ್ಟಿಲ್ಲ. ಮರುದಿನ ಮೂರು ಉಂಡೆ ಹೋಗಿ ಆರು ಬಾಳೆಹಣ್ಣು ಬಂದವು. ಡ್ರಾಯಿಂಗ್ ಕಲಿಸಿದವನಿಗೆ ಲೆಕ್ಕ ಎಲ್ಲಿಂದ ಬರಬೇಕು ಎಂದು ಗೊಣಗಿದರೂ ಮೂರನೆಯ ದಿನ ಐದು ಕಳಿಸಿದರು. ಎಂಟು ನಾನ್‌ಖಟಾಯಿ ಬಂದವು.

ನಾಲ್ಕು, ಆರು, ಎಂಟು. ಒಂದು ಬಿಸ್ಕತ್ತನ್ನು ಬಾಯಿಗೆ ಒಯ್ದ ಮೇಷ್ಟ್ರು ಹಾಗೆಯೇ ನಿಂತರು. ಅವಿಭಾಜ್ಯವಲ್ಲವೆಂದು ತಾವು ಬಿಟ್ಟ ಸಂಖ್ಯೆಗಳನ್ನೇ ಆಚೆಯವರು ಒಂದೂ ತಪ್ಪದೆ ಆರಿಸಿ ಕಳಿಸಿದ್ದರು. ಚಪ್ಪಲಿ ಮೆಟ್ಟದೆ ಕಾಂಪೌಂಡಿಗೆ ಧಾವಿಸಿದರು. ಆಚೆ ಸಾಹೇಬರು ಗೋಡೆಗೆ ಮೊಳಕೈ ಊರಿ ಕಾದೇ ನಿಂತಿದ್ದರು.

"ಮೊದಲ ದಿನಾನೇ ತಿಳೀತಾ ನಿಮ್ಗೆ?"

"ಪುಸ್ತಕ ನಂದಲ್ವಾ ಮೇಷ್ಟ್ರೇ."

ನಾಗರಾಜಪ್ಪ ಕೆಮ್ಮಿ ಗಂಟಲು ಸರಿಪಡಿಸಿಕೊಂಡರು. "ಗುಣಾಕಾರ ಇನ್ನೊಂದು ಸಲ ಮಾಡಿ ನೋಡ್ದೆ. ಒಂದು ಸೊನ್ನೆ ಬಿಟ್ಟಿದ್ದು ನಾನೇ. ಬಾಗಿಲು ತೆಗೀತಾ ಇಲ್ವಾ, ಅಷ್ಟು ಹೇಳ್ರಿ."

"ಹೇಳಾದು ಯಾಕೆ, ಪುಸ್ತಕಾನೇ ಕೊಡ್ತೀನಿ. ಮೊದ್ಲು ಏಳು ಉಂಡೆ ಕಳಿಸ್ರಿ," ಎಂದರು ಸಾಹೇಬರು. "ನಾವು ಏಳು ಮಂದಿ ಅದೀವಿ. ನಿಮ್ಮ ಎರಡು, ಮೂರು, ಐದನ್ನ ಹಂಚಾಕೆ ಹೋಗಿ, ಮೂರು ದಿನದಿಂದ ನಮ್ಮನ್ಯಾಗೆ ಒಬ್ರಿಗೊಬ್ರು ಮಾತು ಬಿಟ್ಟಾರೆ."