ಹದಿನೇಳು ನಂಬರು

ಡಬ್ಬಿಯಲ್ಲಿ ನಾಲ್ಕು ಬೇಯಿಸಿದ ಮೊಟ್ಟೆ ಹೋದವು. ಕದಿರೇಶನ ತಟ್ಟೆಗೆ ಬಿದ್ದದ್ದು ಎರಡೇ.

ಹೆಂಡತಿ ಅನಸೂಯ ಡಬ್ಬಿಯನ್ನು ಸೆರಗಿನಡಿ ಹಿಡಿದು, ರಸ್ತೆ ದಾಟಿ, ಏಜಾಜನ ಸೈಕಲ್ ಶಾಪಿಗೆ ಹೋದದ್ದನ್ನು ಅವನು ಹೊಲಿಗೆ ಮಿಷಿನ್ನಿನ ಮುಂದೆ ಕೂತೇ ನೋಡಿದ. ಈ ವಾರ ಇದು ಮೂರನೆಯ ಸಲ. ಗೌನಿಪಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಇವನ ಟೈಲರ್ ಅಂಗಡಿ, ಎದುರಿಗೇ ಏಜಾಜನದು. ಹತ್ತು ವರ್ಷದಿಂದ ಎದುರುಬದುರು ಕೂತು ದುಡಿದವರು. ಈಗ ಆ ಮುಖ ಕಂಡರೆ ಸಾಕು, ಕದಿರೇಶ ಮಿಷಿನ್ನನ್ನು ಸಿಟ್ಟಿನಿಂದ ತುಳಿಯುತ್ತಿದ್ದ.

ಶುರುವಾದದ್ದು ಒಂದು ಮಾತಿನಿಂದ. ಎಂಬತ್ತಮೂರರಲ್ಲಿ ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಹೋಗಿತ್ತು. ಏಜಾಜ್ ಆ ದಡದಿಂದ ಈ ದಡಕ್ಕೆ ಈಜಿ ಬಂದದ್ದನ್ನು ನೋಡಿ ಅನಸೂಯ, "ಏಜಾಜಣ್ಣ ಎಷ್ಟು ಚೆನ್ನಾಗಿ ಈಜ್ತಾರೆ ನೋಡಿ" ಅಂದಿದ್ದಳು. ಅಣ್ಣ ಅಂದರೇನಾಯಿತು? ಬಸ್ ಕಂಡಕ್ಟರನನ್ನೂ ಊರ ಹೆಂಗಸರು ಅಣ್ಣ ಅನ್ನುತ್ತಾರೆ.

ಆ ವರ್ಷದ ರಾಜ್ಯೋತ್ಸವಕ್ಕೆ ಯುವಕ ಸಂಘದ ಕಾರ್ಯದರ್ಶಿ ಚನ್ನರಾಯಪ್ಪ ಹೊಸ ಪಂದ್ಯ ಹೂಡಿದರು. ಮೊದಲು ಕೆರೆ ಈಜಬೇಕು, ಅಲ್ಲಿಂದ ಶ್ರೀನಿವಾಸಪುರದ ತನಕ ಸೈಕಲ್ ತುಳಿಯಬೇಕು, ಕೊನೆಗೆ ಪೇಟೆಯೊಳಗೆ ಓಡಬೇಕು. ವಾಮನನ ಮೂರು ಹೆಜ್ಜೆ ನೆನೆದು ಅದಕ್ಕೆ ತ್ರಿವಿಕ್ರಮ ಪಂದ್ಯ ಎಂದು ಹೆಸರಿಟ್ಟರು. ನೋಟೀಸು ಅಂಟಿಸಿದ್ದು ಏಜಾಜನ ಅಂಗಡಿಯ ಬಾಗಿಲಿಗೆ. ಇನ್ನು ಏಜಾಜ್ ಪಂದ್ಯಕ್ಕಿಳಿಯದೆ ಬಿಟ್ಟಾನೆಯೇ? ಜನ್ಮದಲ್ಲಿ ಒಂದು ಪಂದ್ಯವನ್ನೂ ಆಡದ ಕದಿರೇಶ ಎಲ್ಲರಿಗಿಂತ ಮೊದಲು ಹೋಗಿ ತನ್ನ ಹೆಸರು ಬರೆದುಬಂದ.

"ನಿಮಗ್ಯಾಕೆ ಬೇಕಿತ್ತು ಇದೆಲ್ಲ?" ಅನಸೂಯ ಕೇಳಿದಳು. "ನಿಮ್ಮದು ಬಾವಿ ಈಜು."

ಮಾತು ಚುಚ್ಚಿತು, ನಿಜವಾಗಿದ್ದಕ್ಕೆ ಇನ್ನೂ ಚುಚ್ಚಿತು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು ಅವನು. ಬಾವಿಯಲ್ಲಿ ಈಜುವವನು ಸುತ್ತುತ್ತಾನೆಯೇ ಹೊರತು ನೇರ ಹೋಗುವುದಿಲ್ಲ. ಆದರೆ ವರ್ಷಗಟ್ಟಲೆ ಮಿಷಿನ್ ತುಳಿದ ಕಾಲು ಸೈಕಲ್ಲಿಗೆ ಹೆದರುವುದಿಲ್ಲ ಎಂಬ ಧೈರ್ಯವಿತ್ತು. ಅವನಿಗೆ ಬಹುಮಾನದ ಕಪ್ಪು ಬೇಕಿರಲಿಲ್ಲ. ಏಜಾಜ್ ತನ್ನ ಹಿಂದೆ ಬಿದ್ದದ್ದನ್ನು ಅನಸೂಯ ನೋಡಿದರೆ ಸಾಕಿತ್ತು.

ಸ್ಪರ್ಧಿಗಳು ಎದೆಗೆ ಕಟ್ಟಿಕೊಳ್ಳುವ ನಂಬರು ಬಟ್ಟೆ ಹೊಲಿಯುವ ಕೆಲಸವೂ ಅವನಿಗೇ ಬಂತು. ಬಿಳಿ ಬಟ್ಟೆ, ಕೆಂಪು ಅಂಕಿ, ಒಂದರಿಂದ ಹದಿನೇಳು, ಒಂದೊಂದಕ್ಕೂ ನಾಲ್ಕು ಲಾಡಿ. ಏಜಾಜನಿಗೆ ಯಾವುದು ಹೋಗುತ್ತದೆ ಎಂದು ಗೊತ್ತಿಲ್ಲದ್ದರಿಂದ ಎಲ್ಲವನ್ನೂ ನೆಟ್ಟಗೇ ಹೊಲಿಯಬೇಕಾಯಿತು.

ಪಂದ್ಯದ ಹಿಂದಿನ ಸಂಜೆ ಅನಸೂಯ ಮತ್ತೆ ರಸ್ತೆ ದಾಟಿದಳು. ಕದಿರೇಶ ಸೈಕಲ್ ಶಾಪಿನ ಹಿಂದುಗಡೆ ಹೋಗಿ ಗೋಡೆಗೆ ಕಿವಿಗೊಟ್ಟ.

"ಅವರಿಗೆ ಗೊತ್ತಾಗ್ಬಾರ್ದು ಅಣ್ಣ. ಗೊತ್ತಾದ್ರೆ ನನ್ನ ಮುಖಾನೂ ನೋಡಲ್ಲ."

"ಯಾಕಮ್ಮ ಭಯ?" ಏಜಾಜನ ದನಿ. "ನೀರಿಗಿಳಿದ ಮೇಲೆ ಅವನು ನನ್ನ ಕೈಲಿದ್ದಂಗೆ."

ಕದಿರೇಶ ಅಂದು ಮುದ್ದೆ ಮುಟ್ಟದೆ ಮಲಗಿದ. ಹೆಂಡತಿ ಕೈಬಿಟ್ಟು ಹೋಗುತ್ತಿದ್ದಾಳೆ ಎಂದುಕೊಂಡಿದ್ದ. ಈಗ ನೋಡಿದರೆ ಜೀವಕ್ಕೇ ಸಂಚು.

ಬೆಳಿಗ್ಗೆ ಕೆರೆ ಏರಿಯ ಮೇಲೆ ಊರೇ ನೆರೆದಿತ್ತು. ಏಜಾಜ್ ಹೆಗಲಿಗೆ ಗಾಳಿ ತುಂಬಿದ ಟ್ಯೂಬೊಂದನ್ನು ನೇತುಹಾಕಿಕೊಂಡು ಬಂದ. ಅಂಗಡಿಯವನೆಂದು ನೀರಿನಲ್ಲೂ ತೋರಿಸಿಕೊಳ್ಳಬೇಕು ಇವನಿಗೆ. ಎದೆಯ ಮೇಲೆ ನಂಬರಿರಲಿಲ್ಲ. ತಾನು ಹೊಲಿದ ಬಟ್ಟೆ ಅವನ ಮೈಗೆ ಆಗುವುದಿಲ್ಲವೇನೋ ಎಂದು ಕದಿರೇಶ ಹಲ್ಲು ಕಡಿದ.

ಸೀಟಿ ಊದಿದರು. ನಡುಗೆರೆಯಲ್ಲಿ ಕದಿರೇಶ ತಲೆಯೆತ್ತಿ ನೋಡಿದರೆ ದಡ ಎದುರಿಗಿರಲಿಲ್ಲ, ಬಲಗಡೆಗಿತ್ತು. ಬಾವಿಯ ಅಭ್ಯಾಸ ಅವನನ್ನು ಎಡಕ್ಕೆ ಸುತ್ತಿಸಿ ತೂಬಿನ ಆಳದ ಕಡೆಗೆ ಎಳೆದೊಯ್ಯುತ್ತಿತ್ತು. ತೋಳು ಏಳಲಿಲ್ಲ. ಒಂದು ಗುಟುಕು ನೀರು ಕುಡಿದ. ಅಷ್ಟರಲ್ಲಿ ಏಜಾಜ್ ಅಡ್ಡ ಬಂದ.

"ಏನ್ಲಾ ಕದಿರೇಶ, ಇಷ್ಟೇನಾ? ಕೈಲಾದ್ರೆ ಹಿಡಿ ನನ್ನ."

ಹೊಟ್ಟೆಕಿಚ್ಚಿಗೆ ಅಷ್ಟು ಬಲವಿದೆ ಎಂದು ಕದಿರೇಶನಿಗೆ ಗೊತ್ತಿರಲಿಲ್ಲ. ಆ ಟ್ಯೂಬಿನ ಮೇಲೇ ಕಣ್ಣಿಟ್ಟು ಬಡಿದ ಬಡಿತಕ್ಕೆ ದಡ ತಾನಾಗಿ ಬಂತು.

ಸೈಕಲ್ಲಿನ ಮೇಲೂ ಏಜಾಜ್ ಮುಂದೆಯೇ. ಏರಿನಲ್ಲಿ ಕದಿರೇಶ ಸುಸ್ತಾಗಿ ಇಳಿದಾಗಲೆಲ್ಲ ಅವನೂ ಇಳಿದು ಚೈನು ಸರಿಮಾಡುತ್ತಿದ್ದ, ಹಿಂದಕ್ಕೆ ನೋಡುತ್ತಿದ್ದ. ಊರಿನ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡುವವನ ಚೈನು ಇಷ್ಟು ಸಲ ಬೀಳುತ್ತದೆಯೇ? ಅಣಕ, ಬರೀ ಅಣಕ. ಕದಿರೇಶ ಮತ್ತೆ ಹತ್ತಿ ತುಳಿದ.

ಶ್ರೀನಿವಾಸಪುರದ ಪೇಟೆಯಲ್ಲಿ ಓಟ. ಇನ್ನೇನು ಕೊನೆಯ ಹಗ್ಗ ಇಪ್ಪತ್ತು ಗಜವಿದೆ ಎನ್ನುವಾಗ ಏಜಾಜ್ ಪಕ್ಕಕ್ಕೆ ಸರಿದು ಹೊಂಗೆ ಮರದ ಕೆಳಗೆ ಕೂತುಬಿಟ್ಟ. ಕದಿರೇಶ ಅವನನ್ನು ದಾಟಿ ಹಗ್ಗ ಮುಟ್ಟಿದ. ಹನ್ನೊಂದನೆಯವನು. ಆದರೇನು, ಏಜಾಜ್ ಹಿಂದೆ ಬಿದ್ದಿದ್ದ.

ಬಸ್ಸಿನಲ್ಲಿ ಬಂದಿದ್ದ ಅನಸೂಯ ಗಂಡನ ಕಡೆ ಬರಲಿಲ್ಲ. ನೇರ ಹೊಂಗೆ ಮರದ ಹತ್ತಿರ ಹೋಗಿ ಏಜಾಜನಿಗೆ ಕೈಮುಗಿದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಗೆದ್ದ ಖುಷಿಯೂ ಕದಿರೇಶನಿಗೆ ಉಳಿಯಲಿಲ್ಲ. ಕೊನೆಯವನೂ ಹಗ್ಗ ಮುಟ್ಟಿದ ಮೇಲೆ ದಡದಡ ನಡೆದು ಚನ್ನರಾಯಪ್ಪನವರ ಮೇಜಿನ ಮುಂದೆ ನಿಂತ.

"ಏಜಾಜ್ ಎಷ್ಟನೆಯವನು ಅಂತ ಮೈಕಲ್ಲಿ ಹೇಳಿ ಸಾರ್. ಇವಳೂ ಕೇಳಲಿ."

"ಅವನೆಲ್ಲಪ್ಪ ಪಂದ್ಯದಲ್ಲಿದ್ದ?" ಚನ್ನರಾಯಪ್ಪ ಪಟ್ಟಿಯಿಂದ ತಲೆಯೆತ್ತಿದರು. "ನಿನ್ನ ಹೆಂಡ್ತಿ ಬಂದು ಅತ್ಕೊಂಡ್ಳು. ಅವರದು ಬಾವಿ ಈಜು, ಬೇಡ ಅಂದ್ರೆ ಕೇಳಲ್ಲ, ಏಜಾಜಣ್ಣ ಮುಂದಿದ್ರೆ ಹೊಟ್ಟೆಕಿಚ್ಚಿಗಾದ್ರೂ ದಡ ಸೇರ್ತಾರೆ ಅಂದ್ಲು. ನಾನೂ ಹ್ಞೂಂ ಅಂದೆ."

ಕದಿರೇಶ ತಿರುಗಿ ಓಡಿ ಬಂದವರ ಎದೆಗಳನ್ನು ಎಣಿಸಿದ: ತನ್ನದೂ ಸೇರಿ ಹದಿನೇಳು ಮಂದಿ, ಹದಿನೇಳು ನಂಬರು, ಅಷ್ಟನ್ನೂ ಎಣಿಸಿ ಹೊಲಿದವನು ತಾನೇ.